ಇಪ್ಪತ್ತೆಂಟು ದಿನದ ಕಲ್ಲು

ವಾಡಿಯ ಮಡಿವಾಳಯ್ಯನಿಗೆ ಅಂಕಿ ಇಲ್ಲದ ಮಾತಿನ ಮೇಲೆ ನಂಬಿಕೆಯೇ ಇರಲಿಲ್ಲ. ಬಿಸಿಲು ಭಾರಿ ಇದೆ ಅಂದರೆ ಎಷ್ಟು ಡಿಗ್ರಿ ಅನ್ನುವವನು. ಚಹಾಕ್ಕೆ ಸಕ್ಕರೆ ಕಡಿಮೆಯಾದರೆ ಅರ್ಧ ಚಮಚೆಯೋ ಮುಕ್ಕಾಲು ಚಮಚೆಯೋ ಅಂತ ಲೆಕ್ಕ ಹಿಡಿದೇ ದೂರುವವನು. ಮೂವತ್ತೊಂದು ವರ್ಷ ಸಿಮೆಂಟ್ ಕಾರ್ಖಾನೆಯ ಲ್ಯಾಬಿನಲ್ಲಿ ಅವನ ಕೆಲಸ ಒಂದೇ ಆಗಿತ್ತು. ಸಿಮೆಂಟಿನ ಸಣ್ಣ ಗಟ್ಟಿಗಳನ್ನು ಎರೆದು, ನೀರಿನ ತೊಟ್ಟಿಯಲ್ಲಿ ನೆನೆಸಿಟ್ಟು, ದಿನ ತುಂಬಿದ ಮೇಲೆ ಮಶೀನಿನಲ್ಲಿಟ್ಟು ಒಡೆಯುವುದು. ಕೆಲವನ್ನು ಮೂರನೆಯ ದಿನ, ಕೆಲವನ್ನು ಏಳನೆಯ ದಿನ. ಇಪ್ಪತ್ತೆಂಟನೆಯ ದಿನ ಗಟ್ಟಿ ಎಷ್ಟು ಭಾರಕ್ಕೆ ಒಡೆಯುತ್ತದೋ ಅದು ಕೊನೆಯ ಮಾತು, ಅದರ ಮೇಲೆ ಮ್ಯಾನೇಜರೂ ಮಾತಾಡುವಂತಿಲ್ಲ. ನಿವೃತ್ತಿಯಾಗಿ ಎರಡು ವರ್ಷವಾದರೂ ಆ ಇಪ್ಪತ್ತೆಂಟು ಅವನ ತಲೆಯಿಂದ ಇಳಿದಿರಲಿಲ್ಲ.

ಇಂಥವನ ಹೆಂಡತಿ ನೀಲಾಬಾಯಿಗೆ ಹೋದ ದಸರೆಯ ಮರುವಾರ ಲಕ್ವಾ ಹೊಡೆಯಿತು. ಮೈಯ ಎಡಭಾಗವೆಲ್ಲ ಬಿದ್ದುಹೋಯಿತು. ಮೊದಲು ವಾಪಸು ಬಂದದ್ದು ಮಾತು, ಅದು ಬಂದದ್ದು ಮನೆಗಷ್ಟೇ ಅಲ್ಲ ಇಡೀ ಓಣಿಗೆ ಗೊತ್ತಾಯಿತು. ಆಮೇಲೆ ಕಾಲು ಬಂತು. ಎಡಗೈ ಮಾತ್ರ ಮುಷ್ಟಿ ಬಿಗಿದುಕೊಂಡು ಹಾಗೇ ಕೂತಿತು. ಕಲಬುರಗಿಯ ಡಾಕ್ಟರು ರಬ್ಬರ್ ಚೆಂಡು ಕೊಟ್ಟು, ದಿನಾ ನೂರು ಸಲ ಮುಚ್ಚಿ ತೆರೆಯಲು ನೋಡಿ ಅಂದಿದ್ದರು. ಒಂದು ತಿಂಗಳು ನೋಡಿದಳು. ಒಂದು ಬೆರಳೂ ಮಿಸುಕಲಿಲ್ಲ. ಒಂದು ಮಧ್ಯಾಹ್ನ ಚೆಂಡನ್ನು ಕಿಟಕಿಯಾಚೆ ಒಗೆದಳು. ಅದನ್ನು ಯಾರ ಮನೆಯ ನಾಯಿ ಕಚ್ಚಿಕೊಂಡು ಹೋಯಿತೋ ದೇವರೇ ಬಲ್ಲ. "ಇನ್ನ ಸಾಕು. ಈ ಕೈ ನನ್ನದಲ್ಲ ಅಂತ ತಿಳಕೋತೀನಿ," ಅಂದಳು.

ಅಡುಗೆಗೆ ಬಲಗೈ ಇತ್ತು, ಜಗಳಕ್ಕೆ ಬಾಯಿ ಇತ್ತು. ಆಕೆಗೆ ಎಡಗೈ ಬೇಕಾಗಿದ್ದದ್ದು ಒಂದಕ್ಕೇ. ಎಂಟನೆಯ ವಯಸ್ಸಿನಲ್ಲಿ ದೀಕ್ಷೆಯಾದಂದಿನಿಂದ ನೀಲಾಬಾಯಿ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿ, ಕೊರಳಿನ ಬೆಳ್ಳಿ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡ ಅಂಗೈ ಮೇಲಿಟ್ಟು ಪೂಜೆ ಮಾಡದೆ ಒಂದು ಹನಿ ನೀರು ಕುಡಿದವಳಲ್ಲ. ಆ ಅಂಗೈಯೇ ಮುಚ್ಚಿಹೋಗಿತ್ತು. ಕಾಳಗಿಯ ಸ್ವಾಮಿಗಳು, "ತಾಯಿ, ಪೀಠದ ಮೇಲಿಟ್ಟು ಮಾಡಿದರೂ ನಡೀತದ," ಅಂದರು. ತಲೆಯಾಡಿಸಿ ಬಂದಳು, ಮಾಡಲಿಲ್ಲ. ಮಡಿವಾಳಯ್ಯ ತನ್ನ ಅಂಗೈ ಚಾಚಿದ, ಇದರ ಮೇಲಿಟ್ಟುಕೋ ಅಂತ. "ನಿಮ್ಮ ಲಿಂಗ ನಿಮ್ಮ ಕೈಯಾಗ, ನನ್ನ ಲಿಂಗ ನನ್ನ ಕೈಯಾಗ. ಇಟ್ಟರ ಅಲ್ಲೇ ಇಡ್ತೀನಿ," ಅಂದಳು. ಅಂದಿನಿಂದ ಕರಡಿಗೆಯನ್ನು ಬಲಗೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಳ್ಳುವುದಷ್ಟೇ ಆಕೆಯ ಪೂಜೆ.

ಮಡಿವಾಳಯ್ಯ ತನ್ನ ಪೂಜೆಯನ್ನು ಹಿಂದಿನ ಕೋಣೆಗೆ ಒಯ್ದ. ನಲವತ್ತು ವರ್ಷ ಇಬ್ಬರೂ ದೇವರ ಜಗುಲಿಯ ಕೋಣೆಯಲ್ಲಿ ಪಕ್ಕಪಕ್ಕ ಕೂತು ಮಾಡಿದ್ದರು. ಆಕೆಯ ಮುಚ್ಚಿದ ಮುಷ್ಟಿಯ ಪಕ್ಕ ತನ್ನ ತೆರೆದ ಅಂಗೈ ಇಟ್ಟುಕೊಂಡು ಕೂರಲು ಅವನಿಗೆ ನಾಚಿಕೆಯಾಗುತ್ತಿತ್ತು. ಕಾರಣ ಹೇಳಲಿಲ್ಲ, ಹಿಂದೆ ಗಾಳಿ ಚೆನ್ನಾಗಿ ಬರುತ್ತದೆ ಅಂದ. ಆ ಕೋಣೆಗೆ ಕಿಟಕಿಯೇ ಇರಲಿಲ್ಲ.

ಮನೆಗೆ ಹವಳ ಬಂದ ಪ್ರಸಂಗ ಶುರುವಾದದ್ದು ರಮಜಾನ್ ಹಬ್ಬದ ಸುರಕುಂಬಾ ಪಾಯಸದಿಂದ. ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ ಗುಲಾಮ ದಸ್ತಗೀರ ಈಗ ಶಹಾಬಾದಿನಲ್ಲಿ ಬಣ್ಣದ ಮೀನಿನ ಅಂಗಡಿ ಇಟ್ಟಿದ್ದ. ಹಬ್ಬಕ್ಕೆ ಗಂಡಹೆಂಡತಿ ಇಬ್ಬರನ್ನೂ ಮನೆಗೆ ಕರೆದ. ಅವನ ನಡುಮನೆಯಲ್ಲಿ ಉಪ್ಪುನೀರಿನ ದೊಡ್ಡ ಗಾಜಿನ ತೊಟ್ಟಿ. ಅದರೊಳಗೆ ಕಲ್ಲಿನ ಮೇಲೆ ಬೆಳ್ಳಗೆ ಏನೋ ಗೊಂಚಲು ಗೊಂಚಲಾಗಿ ನಿಂತಿತ್ತು. ಪ್ರತಿ ದಂಟಿನ ತುದಿಯಲ್ಲೂ ಪುಟ್ಟ ಪುಟ್ಟ ಹಸ್ತಗಳು. ಅವು ಮುಚ್ಚುತ್ತಿದ್ದವು, ತೆರೆಯುತ್ತಿದ್ದವು, ಮತ್ತೆ ಮುಚ್ಚುತ್ತಿದ್ದವು.

"ಇದೇನ್ರಿ ದಸ್ತಗೀರಣ್ಣ?" ನೀಲಾಬಾಯಿ ಕೇಳಿದಳು.

"ಹವಳ ಅಕ್ಕಾ. ಝೀನಿಯಾ ಅಂತಾರ."

"ಸುಳ್ಳು ಹೇಳಬ್ಯಾಡ್ರಿ. ಹವಳ ಉಂಗುರದಾಗ ಇರ್ತದ."

"ಅದು ಗಟ್ಟಿ ಜಾತಿದು. ಅದನ್ನ ಸಾಕೋದು ಕಾಯ್ದಾಕ್ಕ ವಿರುದ್ಧ. ಇದು ಮೆತ್ತಗಿನ ಜಾತಿ. ಜೀವ ಅದ ನೋಡ್ರಿ, ದಿನವೆಲ್ಲಾ ಹಿಂಗೇ ಕೈ ಆಡಸ್ತದ."

ನೀಲಾಬಾಯಿ ಕುರ್ಚಿ ಎಳೆದುಕೊಂಡು ತೊಟ್ಟಿಯ ಮುಂದೆ ಕೂತಳು. ಸುರಕುಂಬಾ ತಣ್ಣಗಾಯಿತು. ಮಡಿವಾಳಯ್ಯ ಚಟಕ್ಕೆ ಬಿದ್ದು ಗಡಿಯಾರ ನೋಡಿ ಎಣಿಸಿದ, ಒಂದು ನಿಮಿಷಕ್ಕೆ ಮೂವತ್ತೆರಡು ಸಲ. ಎಣಿಸಿ ಮುಗಿಸಿ ಹೆಂಡತಿಯ ಕಡೆ ತಿರುಗಿದವನು ಹಾಗೇ ನಿಂತ. ಸೆರಗಿನ ಮೇಲಿದ್ದ ಎಡ ಮುಷ್ಟಿಯಲ್ಲಿ ಹೆಬ್ಬೆರಳು ಮಿಸುಕುತ್ತಿತ್ತು. ತೆರೆಯುತ್ತಿರಲಿಲ್ಲ, ಆದರೆ ಮಿಸುಕುತ್ತಿತ್ತು. ನೀಲಾಬಾಯಿಗೆ ಅದು ಗೊತ್ತೇ ಇರಲಿಲ್ಲ. ಮಡಿವಾಳಯ್ಯ ದಸ್ತಗೀರನನ್ನು ಬಾಗಿಲಾಚೆ ಎಳೆದುಕೊಂಡು ಹೋಗಿ ಕೇಳಿದ, "ಇದು ನಮ್ಮ ಮನ್ಯಾಗ ಬದುಕ್ತದೇನು?"

"ಯಾಕ ಬದುಕಂಗಿಲ್ಲ? ಆದ್ರ ಗಡಬಡ ನಡೆಯಂಗಿಲ್ಲ ಅಯ್ಯನೋರ. ತೊಟ್ಟಿ ಹಣ್ಣಾಗಬೇಕು. ಕಲ್ಲಿನಾಗ ಕಣ್ಣಿಗೆ ಕಾಣದ ಜೀವ ಮನೀ ಮಾಡಬೇಕು. ಅವು ಹೊಲಸು ತಿಂದು ನೀರು ಹಸನ ಇಡ್ತಾವ. ಹವಳ ಅದರ ಮ್ಯಾಲೆ."

"ಕಲ್ಲು ಎಲ್ಲಿಂದ ತರೋದು? ಸಮುದ್ರದ್ದಾ?"

"ಸಮುದ್ರದ್ದು ಮುಟ್ಟೋಹಂಗಿಲ್ಲ. ಸಿಮೆಂಟಿನಾಗ ಮಾಡಿದ್ದು ಹೈದ್ರಾಬಾದಿಂದ ತರಸ್ತೀನಿ."

ಮಡಿವಾಳಯ್ಯನಿಗೆ ಅಷ್ಟು ಹೊತ್ತಿನ ದುಃಖವೆಲ್ಲ ಮರೆತುಹೋಯಿತು. "ಏನಂದಿ? ಹೈದ್ರಾಬಾದಿನಿಂದ ವಾಡಿಗೆ ಸಿಮೆಂಟ್ ಕಲ್ಲಾ? ನಾ ಇನ್ನಾ ಬದುಕೀನಿ ಅಲ್ಲೋ!"

ಹಾಗೆ ಏಪ್ರಿಲಿನ ಕೆಂಡದಂಥ ಬಿಸಿಲಿನಲ್ಲಿ ಹಿತ್ತಲಲ್ಲಿ ಕೂತು ಸಿಮೆಂಟಿಗೆ ಸುಣ್ಣಗಲ್ಲಿನ ಚೂರು, ಹರಳುಪ್ಪು ಬೆರೆಸಿ ಕಲ್ಲು ಎರೆದ. ಉಪ್ಪು ಕರಗಿ ಹೋದ ಮೇಲೆ ಕಲ್ಲಿನ ತುಂಬ ತೂತುಗಳು, ಜೀವಗಳು ಮನೆ ಮಾಡಲು. ಕಲ್ಲುಗಳು ನಿಜವಾಗಿಯೂ ಚೆಂದ ಬಂದವು, ಓಣಿಯವರು ಬಂದು ನೋಡಿಹೋದರು. ನೀಲಿ ಡ್ರಮ್ಮಿನಲ್ಲಿ ನೆನೆಹಾಕಿದ. ಎಷ್ಟು ದಿನ ಅಂತ ಬೇರೆ ಹೇಳಬೇಕೆ? ಇಪ್ಪತ್ತೊಂಬತ್ತನೆಯ ಬೆಳಿಗ್ಗೆ ತೆಗೆದು ಒಂದನ್ನು ಹಿತ್ತಲಿನ ಹಾಸುಗಲ್ಲಿಗೆ ಎತ್ತಿಹಾಕಿದ. ಚೂರೂ ಮುಕ್ಕಾಗಲಿಲ್ಲ. ದಸ್ತಗೀರ ಬಂದವನು ಕಲ್ಲು ತಿರುಗಿಸಿ ತಿರುಗಿಸಿ ನೋಡಿ, "ಎಷ್ಟು ದಿನ ನೆನಸೀರಿ?" ಅಂದ.

"ಇಪ್ಪತ್ತೆಂಟು. ಸ್ಟ್ಯಾಂಡರ್ಡು."

ದಸ್ತಗೀರ ಗಡ್ಡ ಕೆರೆದುಕೊಂಡ. ಏನೋ ಹೇಳಲು ಹೋದ. ಆದರೆ ವಾಡಿಯಲ್ಲಿ ನಿಂತು ಮಡಿವಾಳಯ್ಯನಿಗೆ ಸಿಮೆಂಟಿನ ಬಗ್ಗೆ ಹೇಳುವ ಎದೆ ಯಾರಿಗಿದೆ? "ನಿಮಗ ಗೊತ್ತಿಲ್ಲದ್ದೇನದ," ಅಂದುಬಿಟ್ಟ.

ತೊಟ್ಟಿ ನಡುಮನೆಗೆ ಬಂತು. ಶುದ್ಧ ಮಾಡಿದ ನೀರಿಗೆ ಸಮುದ್ರದ ಉಪ್ಪಿನ ಪುಡಿ ಕಲಸಿ ತುಂಬಿದರು. ನೀರು ಓಡಾಡಲು ಪಂಪು, ನೀಲಿಬಿಳಿ ದೀಪ, ಬೇಸಿಗೆಗೆ ಮೇಲೊಂದು ಸಣ್ಣ ಫ್ಯಾನು, ಕರೆಂಟು ಹೋದರೆ ಇನ್ವರ್ಟರು. ಆವಿಯಾದಷ್ಟು ನೀರನ್ನು ದಿನಾ ತುಂಬುವ ಕೆಲಸ ನೀಲಾಬಾಯಿಯ ಬಲಗೈಗೆ ಬಂತು. ತೊಟ್ಟಿ ಹಣ್ಣಾಗಲೆಂದು ದಸ್ತಗೀರ ತನ್ನ ತೊಟ್ಟಿಯಲ್ಲಿದ್ದ, ಆ ಜೀವಗಳು ತುಂಬಿದ ಹಳೆಯ ಸ್ಪಂಜೊಂದನ್ನು ತಂದು ಹಾಕಿದ. ನೀರು ಎಷ್ಟು ಕ್ಷಾರ ಅಂತ ಹೇಳುವ ಪಿಎಚ್ ಮೀಟರು ಮಡಿವಾಳಯ್ಯನ ಜೇಬಿನಲ್ಲೇ ಇರುತ್ತಿತ್ತು. ಎಂಟೂ ಕಾಲಿನ ಆಸುಪಾಸು ಇರಬೇಕಾದ ಅಂಕಿ ನಡುವೆ ಒಂದೆರಡು ಸಲ ಏರಿತು. ಅವನು ಅರ್ಧ ನೀರು ಚೆಲ್ಲಿ ಹೊಸ ನೀರು ಹಾಕಿದ, ಇಳಿಯಿತು. ಹೊಸ ಸಂಸಾರ, ಇಷ್ಟು ಏರುಪೇರು ಇರುತ್ತದೆ ಅಂದುಕೊಂಡ.

ಜೂನ್ ಕೊನೆಗೆ ಇಬ್ಬರೂ ಶಹಾಬಾದಿಗೆ ಹೋಗಿ ಪ್ಯಾಸೆಂಜರ್ ರೈಲಿನಲ್ಲಿ ಹವಳ ತಂದರು. ಐದು ದಂಟಿನ ಒಂದು ಗೊಂಚಲು, ಮುಚ್ಚಳದ ಬಕೆಟ್ಟಿನಲ್ಲಿ. ನೀಲಾಬಾಯಿ ಬಕೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು, ಬಲಗೈಯಲ್ಲಿ ಹಿಡಿದು, ಎಡ ಮುಷ್ಟಿಯನ್ನು ಮುಚ್ಚಳದ ಮೇಲೆ ಒತ್ತಿ ಕೂತಿದ್ದಳು. ಎದುರು ಕೂತವಳೊಬ್ಬಳು ಏನದು ಅಂತ ಕೇಳಿದ್ದಕ್ಕೆ "ಕೂಸು" ಅಂದಳು. ಕೇಳಿದವಳು ಎದ್ದು ಜಾಗ ಬದಲಿಸಿದಳು.

ಎರಡನೆಯ ದಿನಕ್ಕೇ ಕೂಸು ಕೈ ಆಡಿಸತೊಡಗಿತು. ನೀಲಾಬಾಯಿ ಬೆಳಿಗ್ಗೆ ಸ್ನಾನ ಮಾಡಿ, ಹಿಂದೆ ಪೂಜೆಗೆ ಕೂರುತ್ತಿದ್ದ ಹೊತ್ತಿಗೇ ತೊಟ್ಟಿಯ ಮುಂದೆ ಕೂರುತ್ತಿದ್ದಳು. ಅದು ಮುಚ್ಚಿದಾಗ ಬಿಗಿದು, ತೆರೆದಾಗ ಬಿಡಲು ನೋಡುವಳು. ಹೆಬ್ಬೆರಳು ಸಡಿಲಾಯಿತು. ತೋರುಬೆರಳು ಅಕ್ಕಿಕಾಳಿನಷ್ಟು ಎದ್ದಿತು. ಯಾರೂ ಆ ಬಗ್ಗೆ ಮಾತಾಡಲಿಲ್ಲ. ಮಡಿವಾಳಯ್ಯ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿ, ಒಳಗೆ ಹೋಗಿ ಮುಖ ತೊಳೆದುಕೊಂಡು ಬರುತ್ತಿದ್ದ.

ಹನ್ನೊಂದನೆಯ ದಿನ ಕೂಸು ಕೈ ಮುಚ್ಚಿತು. ಮತ್ತೆ ತೆರೆಯಲಿಲ್ಲ.

ಮೀಟರು ಎಂಟೂ ಮುಕ್ಕಾಲು ತೋರಿಸಿತು. ಮಡಿವಾಳಯ್ಯ ಲ್ಯಾಬಿನ ಮನುಷ್ಯ, ಅಂಕಿ ತಪ್ಪಿದರೆ ಸುಮ್ಮನೆ ಕೂರಲು ಅವನಿಗೆ ಯಾರೂ ಕಲಿಸಿರಲಿಲ್ಲ. ನೀರಿಗೆ ಒಂದು ಚಮಚೆ ಶಿರ್ಕಾ, ಅಂದರೆ ವಿನೆಗರ್, ಹಾಕಿದ. ಹುಳಿಗೆ ಅಂಕಿ ಇಳಿಯಿತು. ಮರುದಿನ ಬೆಳಿಗ್ಗೆ ಮತ್ತೆ ಏರಿತ್ತು. ಮತ್ತೆ ಹಾಕಿದ. ಗಂಟೆಗೊಮ್ಮೆ ಅಳೆಯುವುದು, ಏರಿದಾಗಲೆಲ್ಲ ತಿದ್ದುವುದು. ನೀರು ದಿನಕ್ಕೆ ನಾಲ್ಕು ಸಲ ಹುಳಿಯಾಗಿ ನಾಲ್ಕು ಸಲ ಕ್ಷಾರವಾಯಿತು. ಅವನು ಉಪ್ಪಿನ ಪುಡಿಯನ್ನು ಬೈದ, ಕಾರ್ಖಾನೆಯ ಧೂಳನ್ನು ಬೈದ, ಕರೆಂಟಿನವರನ್ನು ಬೈದ, ಕೊನೆಗೆ ಫೋನಿನಲ್ಲಿ ದಸ್ತಗೀರನನ್ನೂ ಬೈದ. ಐದು ದಂಟಿನಲ್ಲಿ ಎರಡು ಕರಗಿ ಲೋಳೆಯಾದವು. ಉಳಿದ ಮೂರು ಕುಗ್ಗಿ ಹೆಬ್ಬೆರಳಿನ ಉಗುರಿನಷ್ಟಾದವು.

ನೀಲಾಬಾಯಿ ತೊಟ್ಟಿಯ ಮುಂದೆ ಕೂರುವುದನ್ನು ಬಿಟ್ಟಳು. ಎಡಗೈಯನ್ನು ಮತ್ತೆ ಸೆರಗಿನೊಳಗೆ ಮುಚ್ಚಿಟ್ಟುಕೊಂಡಳು. ಚೆಂಡು ಒಗೆದಾಗ ಕೂಗಾಡಿದ್ದಳು, ಈ ಸಲ ಅದೂ ಇಲ್ಲ. ಮಡಿವಾಳಯ್ಯನಿಗೆ ಹೆದರಿಕೆ ಹತ್ತಿದ್ದು ಆಗ. ಈ ಹೆಂಗಸು ತಾನಾಗೇ ಸುಮ್ಮನಾದದ್ದನ್ನು ಅವನು ನಲವತ್ತು ವರ್ಷದಲ್ಲಿ ನೋಡಿರಲಿಲ್ಲ.

ನಾಲ್ಕು ದಿನ ಕಳೆದ ಮೇಲೆ ನೀರು ತುಂಬಲೆಂದು ತೊಟ್ಟಿಯ ಹತ್ತಿರ ಬಂದವಳು ಹಾಗೇ ನಿಂತು ಗಾಜಿನ ಒಳಬದಿಗೆ ಬೆರಳಾಡಿಸಿದಳು. ಪಂಪಿನ ಮೇಲೂ ಗಾಜಿನ ಮೇಲೂ ಬಿಳಿಯ ಪೊರೆ ಕಟ್ಟಿತ್ತು. ಬೆರಳಿಗೆ ಹತ್ತಿದ್ದನ್ನು ತಿಕ್ಕಿ ನೋಡಿದಳು.

"ಏನ್ರಿ, ಇದು ಸುಣ್ಣ."

"ಸುಣ್ಣ ಎಲ್ಲಿಂದ ಬಂತು?"

"ನನ್ನ ತವರಾಗ ದಸರಾಕ್ಕ ಸುಣ್ಣ ನೆನಸೋದು ನಾನೇ. ಗಡಗಿ ಬಾಯಿಗೆ ಹಿಂಗೇ ಪೊರಿ ಕಟ್ಟತದ. ನಿಮ್ಮ ಕಲ್ಲು ಇನ್ನಾ ಸುಣ್ಣ ಬಿಡ್ಲಿಕತ್ತಾವ."

"ನನ್ನ ಕಲ್ಲಾ?" ಮಡಿವಾಳಯ್ಯ ನಿಜವಾಗಿಯೂ ಸಿಟ್ಟಾದ. "ಇಪ್ಪತ್ತೆಂಟು ದಿನ ನೆನಸೀನಿ. ಮೂವತ್ತೊಂದು ವರ್ಷ ಇದೇ ಕೆಲಸ ಮಾಡೀನಿ. ನಿನಗೇನು ತಿಳೀತದ ಸಿಮೆಂಟಿಂದು?"

"ಸಿಮೆಂಟ್ ತಿಳಿಯಂಗಿಲ್ಲ. ಸುಣ್ಣ ತಿಳೀತದ," ಅಂದು ಆಕೆ ಒಳಗೆ ಹೋದಳು.

ಸಿಟ್ಟಿಗೇ ಅವನು ಹಿತ್ತಲಿಗೆ ಹೋದ. ಆವತ್ತು ಹಾಸುಗಲ್ಲಿಗೆ ಎತ್ತಿಹಾಕಿ ಪರೀಕ್ಷೆ ಮಾಡಿದ ಕಲ್ಲು ಅಲ್ಲೇ ಬಿದ್ದಿತ್ತು. ಅದನ್ನು ಕುಡಿಯುವ ನೀರು ತುಂಬಿದ ಬಕೆಟ್ಟೊಂದರಲ್ಲಿ ಮುಳುಗಿಸಿಟ್ಟ, ಆಕೆಯ ಬಾಯಿ ಮುಚ್ಚಿಸಲು. ಮರುದಿನ ಬೆಳಿಗ್ಗೆ ಮೀಟರು ಅದ್ದಿದ, ಬರೀ ನೀರಿಗೆ ಏಳರ ಆಸುಪಾಸು ಬರಬೇಕು. ಹತ್ತೂ ಮುಕ್ಕಾಲು. ಮೀಟರು ತೊಳೆದು ಮತ್ತೆ ಅದ್ದಿದ. ಹತ್ತೂ ಮುಕ್ಕಾಲು.

ಮಡಿವಾಳಯ್ಯ ಡ್ರಮ್ಮಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತ. ಇಪ್ಪತ್ತೆಂಟು ದಿನದ ಪರೀಕ್ಷೆ ಕಲ್ಲು ಎಷ್ಟು ಭಾರ ಹೊರುತ್ತದೆ ಅನ್ನುವುದನ್ನು ಹೇಳುತ್ತದೆ. ಅದು ಎಷ್ಟು ದಿನ ಸುಣ್ಣ ಬಿಡುತ್ತದೆ ಅನ್ನುವುದನ್ನು ಹೇಳುವುದಿಲ್ಲ. ಕಾರ್ಖಾನೆಯಲ್ಲಿ ಅದನ್ನು ಯಾರೂ ಕೇಳಿರಲಿಲ್ಲ, ಯಾಕೆಂದರೆ ಸೇತುವೆಯ ಕಂಬದೊಳಗೆ ಯಾರೂ ಸಂಸಾರ ಮಾಡುವುದಿಲ್ಲ. ಹೊಸ ನೀರು ಹಾಕಿದಾಗ ಇಳಿದ ಅಂಕಿ ನೀರಿನದಾಗಿತ್ತು, ಕಲ್ಲಿನದಲ್ಲ. ಅವನು ಮುದ್ದಿನಿಂದ ಎರೆದ ಕಲ್ಲೇ ಕೂಸನ್ನು ಸುಡುತ್ತಿತ್ತು, ಮೇಲಿನಿಂದ ಅವನು ಹುಳಿ ಬೇರೆ ಸುರಿದಿದ್ದ. ಅರವತ್ತೆರಡು ವರ್ಷದ ಮನುಷ್ಯ ಹಿತ್ತಲಲ್ಲಿ ಕೂತು ಅತ್ತ. ಅಳು ಕೂಸಿಗಾಗಿಯಷ್ಟೇ ಅಲ್ಲ, ಸೆರಗಿನೊಳಗೆ ವಾಪಸು ಹೋದ ಆ ಹೆಬ್ಬೆರಳಿಗಾಗಿ.

ಒಳಗೆ ಬಂದು ಹೇಳಿದ. "ನೀಲಾ, ನೀ ಹೇಳಿದ್ದೇ ಖರೇ. ತಪ್ಪು ನಂದೇ."

ಆಕೆ ಅವನ ಮುಖ ನೋಡಿದಳು. ಬೈಯಲು ಒಳ್ಳೆಯ ಅವಕಾಶವಿತ್ತು, ಬೈಯಲಿಲ್ಲ. "ಹಂಗಾದ್ರ ಕಲ್ಲು ಹೊರಗ ತಗೀರಿ. ಕೂತು ಏನ್ಮಾಡ್ತೀರಿ?"

ದಸ್ತಗೀರ ಹನ್ನೊಂದು ಗಂಟೆಗೆ ಬಂದ. ಫೋನಿನಲ್ಲಿ ತಿಂದ ಬೈಗುಳವನ್ನು ನೆನಪಿಸಲೇ ಇಲ್ಲ. "ನಂಗ ಆವತ್ತೇ ಅನುಮಾನ ಇತ್ತು ಅಯ್ಯನೋರ. ಬಾಯಿ ಬಿಡಲಿಲ್ಲ. ನಂದೂ ತಪ್ಪದ," ಅಂದ. ಕಲ್ಲುಗಳನ್ನೆಲ್ಲ ಎತ್ತಿ ಮತ್ತೆ ಡ್ರಮ್ಮಿಗೆ ಹಾಕಿದರು. ತಾನು ತಂದಿದ್ದ ಹಳೆಯ ಕಲ್ಲೊಂದನ್ನು ದಸ್ತಗೀರ ತೊಟ್ಟಿಯಲ್ಲಿಟ್ಟ. ನೀರನ್ನು ಒಮ್ಮೆಲೇ ಬದಲಿಸದೆ ದಿನಾ ಒಂದೊಂದೇ ಕೊಡ ಬದಲಿಸಬೇಕು, ಶಿರ್ಕಾ ಮುಟ್ಟಬಾರದು, ದೀಪ ಎಂಟೇ ತಾಸು ಅಂತ ಹೇಳಿದ. ಆಮೇಲೆ ಗಾಜಿಗೆ ಮುಖ ಹಚ್ಚಿ ಉಳಿದ ಮೂರು ದಂಟು ನೋಡಿ ದನಿ ತಗ್ಗಿಸಿದ. "ಇದನ್ನ ನಾ ಒಯ್ತೀನಿ. ನಮ್ಮ ತೊಟ್ಟ್ಯಾಗ ಉಳೀಬಹುದು. ಇಲ್ಲಿ ಭರವಸಾ ಇಲ್ಲ."

ಮಡಿವಾಳಯ್ಯ ಹೂಂ ಅನ್ನುವವನಿದ್ದ. ಮತ್ತೆ ತಪ್ಪು ಮಾಡುವ ಧೈರ್ಯ ಅವನಲ್ಲಿ ಉಳಿದಿರಲಿಲ್ಲ.

"ಬ್ಯಾಡ," ಅಂದಳು ನೀಲಾಬಾಯಿ. "ಎತ್ತಿ ಒಯ್ಯೋದು, ಇಳಸೋದು, ನಂಗೂ ದವಾಖಾನಿಗೆ ಒಯ್ದಾಗ ಹಿಂಗೇ ಜೀವ ಹೋಗ್ತಿತ್ತು. ಇಲ್ಲೇ ಇರಲಿ. ಅದಕ್ಕ ಕೈ ಆಡಸೋದು ಮರ್ತುಹೋಗ್ಯದ. ನಾ ತೋರಸ್ತೀನಿ."

ಗಂಡಸರಿಬ್ಬರೂ ಮುಖ ಮುಖ ನೋಡಿಕೊಂಡರು. ಹವಳಕ್ಕೆ ಕಣ್ಣಿಲ್ಲ ಅಂತ ದಸ್ತಗೀರನಿಗೆ ಗೊತ್ತಿತ್ತು. ಹೇಳುವಷ್ಟು ದಡ್ಡ ಅವನಲ್ಲ.

ಮರುದಿನದಿಂದ ನೀಲಾಬಾಯಿ ಮತ್ತೆ ತೊಟ್ಟಿಯ ಮುಂದೆ ಕೂತಳು. ಸೆರಗಿನಿಂದ ಎಡಗೈ ಹೊರತೆಗೆದು ಗಾಜಿಗೆ ಹತ್ತಿರ ಹಿಡಿದಳು. "ಹಿಂಗ. ನೋಡು. ಮುಚ್ಚು. ತೆರಿ." ಹೆಬ್ಬೆರಳು ಎದ್ದಿತು. "ಒಮ್ಮೆಗೇ ಬರಂಗಿಲ್ಲ, ನಂಗೂ ಬರಂಗಿಲ್ಲ. ಮುಚ್ಚು. ತೆರಿ." ಮೊದಲು ಅದನ್ನು ನೋಡಿ ತಾನು ಮಾಡುತ್ತಿದ್ದಳು, ಬೇಸರವಾದರೆ ಬಿಡುತ್ತಿದ್ದಳು. ಈಗ ಬಿಡುವ ಹಾಗಿರಲಿಲ್ಲ, ಕಲಿಸುವವಳಾಗಿದ್ದಳು. ಡಾಕ್ಟರು ಹೇಳಿದ ನೂರು ಎಂದೋ ದಾಟಿತು. ಎಣಿಸಿಕೊಂಡು ನಿಂತಿದ್ದ ಮಡಿವಾಳಯ್ಯ ನೂರಾ ಎಪ್ಪತ್ತಕ್ಕೆ ಎಣಿಕೆ ತಪ್ಪಿಸಿಕೊಂಡ. ಅವನು ತಾಸಿಗೊಮ್ಮೆ ತೊಟ್ಟಿಯ ಹತ್ತಿರ ಸುಳಿಯುವುದನ್ನು ನೋಡಿ ಆಕೆ ಮೀಟರನ್ನು ಜೋಳದ ಡಬ್ಬಿಯಲ್ಲಿ ಬಚ್ಚಿಟ್ಟಳು. ಸಂಜೆ ಒಮ್ಮೆ ಮಾತ್ರ ಕೊಡುತ್ತಿದ್ದಳು. ಎಂಟೂವರೆ, ಎಂಟೂವರೆ, ಆಮೇಲೆ ಎಂಟೂ ಕಾಲು. ಎಂಟೂ ಕಾಲಿನಲ್ಲೇ ನಿಂತಿತು.

ಹೀಗೆ ಕಲಿಸತೊಡಗಿದ ಹತ್ತೊಂಬತ್ತನೆಯ ದಿನ ಮಡಿವಾಳಯ್ಯ ಹಿತ್ತಲಲ್ಲಿ ಡ್ರಮ್ಮಿನ ನೀರು ಬದಲಿಸುತ್ತಿದ್ದಾಗ ನಡುಮನೆಯಿಂದ ಓಣಿಗೇ ಕೇಳುವ ಕೂಗು ಬಂತು. ಲಕ್ವಾ ಮತ್ತೆ ಹೊಡೆಯಿತೆಂದು ಓಡಿದ. ನೀಲಾಬಾಯಿ ಗಾಜಿನತ್ತ ಕೈ ತೋರಿಸುತ್ತಿದ್ದಳು, ಅದೂ ಎಡಗೈ, ಅದರ ತೋರುಬೆರಳು. ತೊಟ್ಟಿಯಲ್ಲಿ ಒಂದು ದಂಟಿನ ತುದಿಯಲ್ಲಿ ಒಂದೇ ಒಂದು ಹಸ್ತ ತೆರೆಯಿತು. ನಿಂತಿತು. ಮೆಲ್ಲಗೆ ಮುಚ್ಚಿತು.

"ನಾ ಹೇಳಿದ್ದಿಲ್ಲ?" ಅಂದಳು ನೀಲಾಬಾಯಿ. ಅಳುತ್ತಿದ್ದಳು, ನಗುತ್ತಿದ್ದಳು, ಗಂಡನನ್ನು ಬೈಯುತ್ತಲೂ ಇದ್ದಳು, ನೀರು ಕೈಯಿಂದ ಸೋರುತ್ತಿದೆ, ನೆಲ ಒರೆಸುವವರು ಯಾರು ಅಂತ.

ಡ್ರಮ್ಮಿನಲ್ಲಿ ಕಲ್ಲುಗಳು ಶ್ರಾವಣ ಕಳೆದರೂ ಇದ್ದವು, ಗಣಪತಿ ಹೋದರೂ ಇದ್ದವು. ಎರಡು ದಿನಕ್ಕೊಮ್ಮೆ ನೀರು ಬದಲಾಯಿಸುತ್ತಿದ್ದ. ಯಾರಾದರೂ ಇನ್ನೆಷ್ಟು ದಿನ ಅಂತ ಕೇಳಿದರೆ, "ಅದು ಸುಣ್ಣ ಬಿಡೋದು ನಿಲ್ಲಸೋತನಾ," ಅನ್ನುತ್ತಿದ್ದ. ಮಡಿವಾಳಯ್ಯನ ಬಾಯಿಂದ ಅಂಕಿ ಇಲ್ಲದ ಉತ್ತರ ಕೇಳಿ ಓಣಿಯವರು ಅವನ ಆರೋಗ್ಯದ ಬಗ್ಗೆ ಚಿಂತಿಸಿದರು. ತೊಟ್ಟಿಯಲ್ಲಿ ದಂಟುಗಳು ಮೂರಿದ್ದವು ಏಳಾದವು.

ದಸರೆಗೆ ನಾಲ್ಕು ದಿನ ಇರುವಾಗ ಒಂದು ಬೆಳಿಗ್ಗೆ ಮಡಿವಾಳಯ್ಯ ಎದ್ದು ನಡುಮನೆಗೆ ಬಂದರೆ ತೊಟ್ಟಿಯ ಮುಂದಿನ ಕುರ್ಚಿ ಖಾಲಿ. ದೀಪದಲ್ಲಿ ಕೂಸು ತನ್ನಷ್ಟಕ್ಕೆ ಕೈ ಆಡಿಸುತ್ತಿತ್ತು. ಆಕೆಯನ್ನು ಹುಡುಕಿದ. ಅಡುಗೆಮನೆಯಲ್ಲಿ ಇಲ್ಲ, ಬಚ್ಚಲಲ್ಲಿ ಇಲ್ಲ. ದೇವರ ಜಗುಲಿಯ ಕೋಣೆಯ ಬಾಗಿಲು ಅರ್ಧ ತೆರೆದಿತ್ತು, ಒಂದು ವರ್ಷದಿಂದ ಮುಚ್ಚಿದ್ದ ಬಾಗಿಲು.

ನೀಲಾಬಾಯಿ ಮಣೆಯ ಮೇಲೆ ಕೂತಿದ್ದಳು. ಹಣೆಗೆ ವಿಭೂತಿ, ಒದ್ದೆ ಕೂದಲು. ಕೊರಳಿನ ಕರಡಿಗೆ ತೆರೆದಿತ್ತು. ಎಡಗೈ ಎದೆಯ ಮಟ್ಟದಲ್ಲಿತ್ತು, ಅಂಗೈ ಮೇಲೆ ಇಷ್ಟಲಿಂಗ. ಅಂಗೈ ಪೂರ್ತಿ ತೆರೆದಿರಲಿಲ್ಲ. ಕೊನೆಯ ಎರಡು ಬೆರಳು ಇನ್ನೂ ಮಡಿಚಿಯೇ ಇದ್ದವು, ಲಿಂಗ ಜಾರದಂತೆ ಅಡ್ಡ ನಿಂತಿದ್ದವು. ಕೈ ನಡುಗುತ್ತಿತ್ತು. ಆಕೆಯ ಕಣ್ಣು ಮುಚ್ಚಿದ್ದವು, ಕೆನ್ನೆ ಒದ್ದೆಯಾಗಿತ್ತು.

ಮಡಿವಾಳಯ್ಯ ಹೊಸ್ತಿಲಲ್ಲಿ ನಿಂತ. ಎಷ್ಟು ಬೆರಳು, ಎಷ್ಟು ಹೊತ್ತು ಅಂತ ತಲೆ ತನ್ನಷ್ಟಕ್ಕೆ ಶುರುಮಾಡಿತ್ತು.

"ಅಲ್ಲೇ ನಿಂತು ಎಣಸಬ್ಯಾಡ್ರಿ," ನೀಲಾಬಾಯಿ ಕಣ್ಣು ತೆರೆಯದೆ ಅಂದಳು. "ಜಳಕ ಮಾಡಿ ಬಂದು ಇಲ್ಲೇ ಕುಂದ್ರಿ. ಕಿಟಕಿ ಇಲ್ಲದ ಆ ಖೋಲ್ಯಾಗ ಎಷ್ಟು ದಿನ ಗಾಳಿ ತಗೋತೀರಿ?"

ಆಕೆಗೆ ಎಲ್ಲ ಗೊತ್ತಿತ್ತು, ಮೊದಲಿನಿಂದಲೂ. ಮಡಿವಾಳಯ್ಯ ಬಚ್ಚಲಿಗೆ ಓಡಿದ. ಮೈ ಸರಿಯಾಗಿ ಒರೆಸಿಕೊಳ್ಳದೆಯೇ ಹಿಂದಿನ ಕೋಣೆಯಿಂದ ತನ್ನ ಮಣೆ ತಂದು ಆಕೆಯ ಎಡಕ್ಕೆ, ಹಳೆಯ ಜಾಗದಲ್ಲಿ ಹಾಕಿದ. ಕೂತು, ಲಿಂಗ ತೆಗೆದು, ಆಕೆಯ ಅಂಗೈಯ ಪಕ್ಕದಲ್ಲಿ ತನ್ನ ಅಂಗೈ ತೆರೆದ.